ಪರದೆ ಕಪ್ಪಾದರೆ ಬರೆಹ ಅಳಿಯದು

ಕಳೆದ ಬೇಸಿಗೆಯ ಒಂದು ಬೆಳಗ್ಗೆ ಯಲಹಂಕ ಉಪನಗರದಿಂದ ನನ್ನ ಅಕ್ಕ ಫೋನು ಮಾಡಿದಳು. ಪೂಜೆ ಮುಗಿಯುವ ಮೊದಲು ಫೋನು ಮುಟ್ಟುವವಳಲ್ಲ ಅವಳು. ಆದಕಾರಣ ಗಂಟೆ ಏಳಕ್ಕೆ ಅವಳ ಧ್ವನಿ ಕೇಳಿದೊಡನೆಯೇ ನನಗೆ ಎದೆ ಧಸಕ್ಕೆಂದಿತು.

“ನಿಮ್ಮ ಭಾವನವರ ಕಂಪ್ಯೂಟರು ಕೆಟ್ಟಿತು ಕಣೋ,” ಎಂದಳು. “ಪರದೆಯ ತುಂಬ ಗೆರೆಗಳು, ಸೀರೆಯ ಅಂಚಿನ ಹಾಗೆ ಉದ್ದುದ್ದನೆಯ ಬಣ್ಣದ ಗೆರೆಗಳು. ಸ್ವಲ್ಪ ಹೊತ್ತಿಗೆ ಎಲ್ಲವೂ ಕಪ್ಪು. ರಿಪೇರಿಯವನೊಬ್ಬನನ್ನು ಕರೆಸಿದ್ದೆ. ಇಡೀ ಯಂತ್ರವೇ ಮುಗಿದುಹೋಗಿದೆ, ಹಳೆಯ ಸಾಮಾನಿನವನಿಗೆ ಹಾಕಿಬಿಡಿ ಎಂದು ಹೇಳಿ ಹೋದ.”

ಇಷ್ಟು ಹೇಳಿ ಅವಳು ಸುಮ್ಮನಾದಳು. ಬಳಿಕ ಮೆಲ್ಲನೆ ಕೇಳಿದಳು: “ಹಾಗಾದರೆ ಅವರು ಬರೆದದ್ದೆಲ್ಲವೂ ಹೋಯಿತೇನೊ?”

ಈ ಪ್ರಶ್ನೆಯ ಭಾರ ವಾಚಕರಿಗೆ ತಿಳಿಯಬೇಕಾದರೆ ನಮ್ಮ ಭಾವನವರ ವಿಷಯ ಎರಡು ಮಾತು ಹೇಳಬೇಕು. ಅವರು ಶಾಲಾ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. 2009ರಲ್ಲಿ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತರಿಸಿ ಒಂದು ಕಂಪ್ಯೂಟರನ್ನು ಜೋಡಿಸಿಕೊಂಡರು. ‘ನುಡಿ’ ತಂತ್ರಾಂಶದ ಕೀಲಿಮಣೆಯನ್ನು ಅರುವತ್ತು ದಾಟಿದ ಮೇಲೆ ಹುಡುಗರಂತೆ ಕಲಿತರು. ದಿನವೂ ಬೆಳಗಿನ ಕಾಫಿಯ ನಂತರ ಒಂದು ಗಂಟೆ ಕುಳಿತು, ತಮ್ಮ ತಾಯಿ ಹೇಳುತ್ತಿದ್ದ ಸೋಬಾನೆ ಹಾಡುಗಳು, ಊರಿನ ಹೊಲಗದ್ದೆಗಳ ಹೆಸರುಗಳು, ನಾಲ್ಕು ತಲೆಮಾರಿನ ವಂಶಾವಳಿ, ಇವನ್ನೆಲ್ಲ ಎರಡು ಬೆರಳಿನಲ್ಲಿ ಕುಟ್ಟುತ್ತಿದ್ದರು. ಅಚ್ಚು ಹಾಕಿಸಬೇಕೆಂಬ ಆಸೆಯಿತ್ತು; ‘ಇನ್ನೂ ತಿದ್ದುವುದಿದೆ’ ಎಂದು ಮುಂದೂಡುತ್ತಲೇ ಬಂದರು. 2023ರಲ್ಲಿ ಕಾಲವಾದರು. ಆ ಬರೆಹಕ್ಕೆ ಕಾಗದದ ಮೇಲೆ ಒಂದು ಪ್ರತಿಯೂ ಇರಲಿಲ್ಲ.

ಹೊರದೇಶದಲ್ಲಿರುವ ಮಗ, “ಅಮ್ಮ, ಅದು ಹದಿನೈದು ವರ್ಷದ ಹಳೆಯ ಯಂತ್ರ, ಹೊಸದನ್ನು ಕೊಡಿಸುತ್ತೇನೆ, ಅದನ್ನು ಎಸೆದುಬಿಡು,” ಎಂದನಂತೆ. ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಹೊಸ ಯಂತ್ರ ಬಂದೀತು, ಅದರೊಳಗೆ ಅತ್ತೆಯ ಹಾಡುಗಳು ಎಲ್ಲಿಂದ ಬರಬೇಕು?

ನಾನು ಯಶವಂತಪುರದಲ್ಲಿರುವವನು. ಕಂಪ್ಯೂಟರಿನ ಪಂಡಿತನಲ್ಲ. ಆದರೂ ಮುಚ್ಚಳ ಬಿಚ್ಚಿ ನೋಡುವ ಚಟ ಹಿಂದಿನಿಂದಲೂ ಉಂಟು. ನಮ್ಮ ಉತ್ತರ ಬೆಂಗಳೂರಿನವರಿಗೆ ಇದು ನೆಲದ ಗುಣವೆಂದು ಕಾಣುತ್ತದೆ. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಜಾಲಹಳ್ಳಿಯಲ್ಲಿ, ಎಚ್.ಎಂ.ಟಿ. ಗಡಿಯಾರಗಳು ಹುಟ್ಟಿದ್ದೂ ಅಲ್ಲಿಯೇ. ಆ ಕಾರ್ಖಾನೆಗಳಲ್ಲಿ ದುಡಿದ ಹಿರಿಯರ ಮನೆಗಳಲ್ಲಿ ಕೆಟ್ಟ ರೇಡಿಯೋವನ್ನಾಗಲಿ ನಿಂತ ಗಡಿಯಾರವನ್ನಾಗಲಿ ನೋಡದೆ ಎಸೆಯುತ್ತಿರಲಿಲ್ಲ. ‘ಮೊದಲು ಎಲ್ಲಿ ಕೆಟ್ಟಿದೆ ನೋಡು, ಆಮೇಲೆ ಎಸೆ’ ಎಂಬುದು ಅವರ ಶಾಸ್ತ್ರ. ಅದೇ ಭಾನುವಾರ ಒಂದು ಸ್ಕ್ರೂಡ್ರೈವರು, ಒಂದು ಮೆತ್ತನೆಯ ಬಣ್ಣದ ಕುಂಚ, ಪೆನ್ಸಿಲಿನ ರಬ್ಬರು, ಇಷ್ಟನ್ನು ಚೀಲದಲ್ಲಿಟ್ಟುಕೊಂಡು ಯಲಹಂಕದ ಬಸ್ಸು ಹತ್ತಿದೆ.

ಗೆರೆ ಎಲ್ಲಿಂದ ಬಂದಿತು?

ಹೋದೊಡನೆ ಅಕ್ಕನಿಗೆ ನಾನು ಹೇಳಿದ ಮೊದಲ ಮಾತು, ಪರದೆ ಕಪ್ಪಾದರೆ ಬರೆಹ ಅಳಿಸಿಹೋಯಿತೆಂದು ಅರ್ಥವಲ್ಲ ಎಂಬುದು. ಈ ಭ್ರಾಂತಿ ಬಹು ಮನೆಗಳಲ್ಲಿದೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೇಜಿನ ಕಂಪ್ಯೂಟರೆಂಬುದು ಒಂದು ಅವಿಭಕ್ತ ಕುಟುಂಬ. ಲೆಕ್ಕ ಮಾಡುವವನು ಒಬ್ಬ, ಪ್ರೊಸೆಸರು. ಕಡತಗಳನ್ನು ಕಾಯುವವನು ಇನ್ನೊಬ್ಬ, ಹಾರ್ಡ್ ಡಿಸ್ಕು. ಎಲ್ಲರಿಗೂ ಅನ್ನ ಹಾಕುವುದು ಪವರ್ ಸಪ್ಲೈ. ಒಳಗೆ ನಡೆದ ಲೆಕ್ಕವನ್ನು ಚಿತ್ರವನ್ನಾಗಿ ಬಿಡಿಸಿ ಮಾನಿಟರಿಗೆ ಕಳುಹಿಸುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಈ ಕೊನೆಯವನು ಕಾಯಿಲೆ ಬಿದ್ದರೆ ಮನೆಯೊಳಗಿನ ವರ್ತಮಾನ ನಮಗೆ ತಿಳಿಯುವುದಿಲ್ಲ, ಅಷ್ಟೆ. ಕಡತ ಕಾಯುವವನು ತನ್ನ ಪಾಡಿಗೆ ತಾನು ಕೋಣೆಯಲ್ಲಿ ಕುಳಿತೇ ಇರುತ್ತಾನೆ. ವಾರ್ತೆ ತರುವವನು ಬಾರದಿದ್ದ ಮಾತ್ರಕ್ಕೆ ಊರೇ ಮುಳುಗಿತೆನ್ನಬಹುದೆ?

ಆದರೆ ಪರದೆಯ ಮೇಲೆ ಗೆರೆ ಕಂಡಾಗ ತಪ್ಪು ಕಾರ್ಡಿನದೇ ಎಂದು ಒಮ್ಮೆಗೇ ತೀರ್ಮಾನಿಸಬಾರದು. ಹೊರಗಿನಿಂದ ಒಳಗೆ ಹೋಗಬೇಕು. ಸುಲಭವಾದದ್ದನ್ನು ಮೊದಲು ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿ ಗುಣವಾದರೆ ಯಾವ ಮದ್ದಿನಿಂದ ಗುಣವಾಯಿತೆಂಬುದು ವೈದ್ಯನಿಗೇ ತಿಳಿಯದು.

ಮೊದಲು ಮಾನಿಟರು. ಅದರ ಅಂಚಿನಲ್ಲಿರುವ ಗುಂಡಿಯನ್ನು ಒತ್ತಿದರೆ ಬೆಳಕು, ಬಣ್ಣ ಹೊಂದಿಸುವ ಒಂದು ಪಟ್ಟಿ ಬರುತ್ತದೆ. ಈ ಪಟ್ಟಿ ಕಂಪ್ಯೂಟರಿನಿಂದ ಬರುವುದಲ್ಲ, ಮಾನಿಟರು ತಾನೇ ಬರೆಯುವುದು. ಈ ಪಟ್ಟಿಯ ಮೇಲೂ ಗೆರೆಗಳು ಹಾದುಹೋಗಿದ್ದರೆ ದೋಷ ಮಾನಿಟರಿನದು. ನಮ್ಮಲ್ಲಿ ಪಟ್ಟಿ ಶುಭ್ರವಾಗಿಯೇ ಇತ್ತು.

ಎರಡನೆಯದು ತಂತಿ. ಹಳೆಯ ನೀಲಿ ಮೂತಿಯ ವಿ.ಜಿ.ಎ. ತಂತಿಯಲ್ಲಿ ಕೆಂಪು, ಹಸಿರು, ನೀಲಿ ಮೂರು ಬಣ್ಣಗಳಿಗೂ ಬೇರೆ ಬೇರೆ ಸೂಜಿಗಳಿರುತ್ತವೆ. ಒಂದು ಸೂಜಿ ಬಾಗಿದರೆ ಅಥವಾ ಸಡಿಲವಾದರೆ ಆ ಬಣ್ಣವೊಂದು ಮಾಯವಾಗಿ ಇಡೀ ಪರದೆ ಹಳದಿಗೋ ನೇರಿಳೆಗೋ ತಿರುಗುತ್ತದೆ. ಪಕ್ಕದ ಮನೆಯ ಹುಡುಗನ ಲ್ಯಾಪ್‌ಟಾಪಿಗೆ ಇದೇ ತಂತಿ, ಇದೇ ಮಾನಿಟರು ಜೋಡಿಸಿ ನೋಡಿದೆವು. ಚಿತ್ರ ಸ್ಫಟಿಕದಂತೆ ಮೂಡಿತು. ಅಲ್ಲಿಗೆ ಇಬ್ಬರು ನಿರಪರಾಧಿಗಳು ಬಿಡುಗಡೆಯಾದರು.

ಮೂರನೆಯದು ಕಾಲದ ಪ್ರಶ್ನೆ: ಗೆರೆಗಳು ಯಾವಾಗ ಕಾಣಿಸಿಕೊಳ್ಳುತ್ತವೆ? ಯಂತ್ರವನ್ನು ಹೊತ್ತಿಸಿದೊಡನೆ, ವಿಂಡೋಸ್ ಏಳುವ ಮುಂಚೆಯೇ, ಮೊದಲ ಬರೆಹದ ಮೇಲೆಯೇ ಗೆರೆಯಿದ್ದರೆ ದೋಷ ಯಂತ್ರಾಂಶದ್ದು. ವಿಂಡೋಸ್ ಎದ್ದಮೇಲೆ ಮಾತ್ರ ಬಂದರೆ ಡ್ರೈವರೆಂಬ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿ ನೋಡುವುದು ಯುಕ್ತ. ಸಿನಿಮಾ ನೋಡುವಾಗಲೋ ಆಟವಾಡುವಾಗಲೋ ಹತ್ತು ನಿಮಿಷವಾದ ಮೇಲೆ ಬಂದರೆ, ಕಾವಿನ ಮೇಲೆ ಸಂಶಯ ಪಡಬೇಕು. ಅಕ್ಕನ ಮನೆಯ ಯಂತ್ರದಲ್ಲಿ ಮೊದಲ ಕ್ಷಣದಿಂದಲೇ ಗೆರೆಗಳಿದ್ದವು. ಕಾವೇರಿದಂತೆ ಹೆಚ್ಚಾಗಿ, ಕೊನೆಗೆ ಕತ್ತಲೆ.

ಮುಚ್ಚಳದ ಒಳಗೆ

ಇನ್ನು ಮುಚ್ಚಳ ತೆಗೆಯಲೇಬೇಕಾಯಿತು. ಇದಕ್ಕೆ ಮುನ್ನ ಗೋಡೆಯ ಪ್ಲಗ್ಗನ್ನು ಕಿತ್ತು, ಹೊತ್ತಿಸುವ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುತ್ತು ಇಳಿಯುತ್ತದೆ. ಬಳಿಕ ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಬೇಕು. ನಮ್ಮ ಮೈಮೇಲೆ ಕೂಡಿರುವ ಸ್ಥಿರವಿದ್ಯುತ್ತು ನಮಗೆ ಗೊತ್ತಾಗುವುದಿಲ್ಲ. ಸೂಕ್ಷ್ಮವಾದ ಚಿಪ್ಪಿಗೆ ಮಾತ್ರ ಅದು ಸಿಡಿಲು.

ಮುಚ್ಚಳ ತೆಗೆದರೆ ಒಳಗೆ ಯಂತ್ರವೇ ಕಾಣಲಿಲ್ಲ, ಧೂಳಿನ ಕಂಬಳಿ ಕಂಡಿತು! ಹೆಬ್ಬಾಳದಿಂದ ವಿಮಾನ ನಿಲ್ದಾಣದ ದಾರಿಯುದ್ದಕ್ಕೂ ಮೆಟ್ರೋ ಕಂಬಗಳು ಎದ್ದ ವರ್ಷಗಳಲ್ಲಿ ಆ ಕಡೆಯ ಮನೆಗಳ ಗೃಹಿಣಿಯರು ದಿನಕ್ಕೆರಡು ಸಲ ಕಸ ಗುಡಿಸಿದರು. ಆದರೆ ಕಂಪ್ಯೂಟರಿನ ಹೊಟ್ಟೆಯನ್ನು ಗುಡಿಸಿದವರು ಯಾರು? ಅದರ ಪಂಕವಾದರೋ ಹಗಲೆಲ್ಲ ಕೋಣೆಯ ಗಾಳಿಯನ್ನು ಒಳಗೆ ಎಳೆಯುತ್ತಲೇ ಇರುತ್ತದೆ.

ಗ್ರಾಫಿಕ್ಸ್ ಕಾರ್ಡಿನ ಮೇಲೆ ಒಂದು ಪುಟ್ಟ ಪಂಕವಿತ್ತು. ಬೆರಳಿನಿಂದ ತಳ್ಳಿದರೆ ಕಾಲು ಸುತ್ತು ತಿರುಗಿ ನಿಂತಿತು. ಒಳಗಿನ ಎಣ್ಣೆ ಆರಿ, ಧೂಳು ಕುಳಿತು, ಅಚ್ಚು ಹಿಡಿದುಕೊಂಡಿದೆ. ಪಂಕ ನಿಂತ ಮೇಲೆ ಕಾವು ಹೋಗುವುದೆಲ್ಲಿಗೆ? ಇಂಥ ಕಾರ್ಡುಗಳ ಚಿಪ್ಪು ಸುಮ್ಮನಿದ್ದಾಗ ಸುಮಾರು 40-50 ಡಿಗ್ರಿ, ದುಡಿಯುವಾಗ 80ರ ಆಸುಪಾಸಿನವರೆಗೆ ಬಿಸಿಯಾಗುವುದು ಸಹಜ. 90ನ್ನು ದಾಟಿ ಏರುತ್ತಿದ್ದರೆ ಅಪಾಯದ ಗಂಟೆ.

ಕುಂಚದಿಂದ ಧೂಳನ್ನು ಬಿಡಿಸಿದೆವು. ಗಾಳಿ ಊದುವಾಗ ಪಂಕದ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡಿರಬೇಕು. ಇಲ್ಲವಾದರೆ ಅದು ಹುಚ್ಚಾಪಟ್ಟೆ ತಿರುಗಿ ಇರುಸು ಕೆಡುತ್ತದೆ. ಹೊಲಿಗೆಯ ಯಂತ್ರದ ಎಣ್ಣೆ ಅಕ್ಕನಲ್ಲಿತ್ತು; ಪಂಕದ ನಡುವೆ ಅಂಟಿಸಿದ ಕಾಗದವನ್ನು ಎತ್ತಿ ಒಂದೇ ತೊಟ್ಟು ಬಿಟ್ಟೆ. ಪಂಕ ತಿರುಗಿತು. ಬಳಿಕ ಕಾರ್ಡನ್ನು ಗೂಡಿನಿಂದ ಎತ್ತಿದೆ. ಗೂಡಿನ ತುದಿಯಲ್ಲಿ ಸಣ್ಣದೊಂದು ಕೊಕ್ಕೆಯಿರುತ್ತದೆ; ಅದನ್ನು ಒತ್ತದೆ ಎಳೆದರೆ ಗೂಡೇ ಮುರಿದೀತು. ಕಾರ್ಡಿನ ಅಂಚಿನ ಹೊಂಬಣ್ಣದ ಪಟ್ಟಿಗಳು ಮಂಕಾಗಿದ್ದವು. ಪೆನ್ಸಿಲಿನ ರಬ್ಬರಿನಿಂದ ಮೆಲ್ಲನೆ ಉಜ್ಜಿ, ಪುಡಿಯನ್ನು ಒರಸಿ, ಮತ್ತೆ ಗಟ್ಟಿಯಾಗಿ ಕೂರಿಸಿದೆ.

ಹೊತ್ತಿಸಿದೆವು. ಗೆರೆಗಳಿಲ್ಲ! ಭಾವನವರು ಹಾಕಿಟ್ಟಿದ್ದ ಊರ ಕೆರೆಯ ಚಿತ್ರ ಪರದೆಯ ಮೇಲೆ ಮೂಡಿತು. ಅಕ್ಕ ಸೆರಗಿನಿಂದ ಕಣ್ಣೊರಸಿಕೊಂಡು ಕಾಫಿಗೆ ಎದ್ದಳು. ನಾನೂ ಪರಾಕ್ರಮಿಯ ಗತ್ತಿನಲ್ಲಿ ಎರಡು ಒಬ್ಬಟ್ಟು ಹೆಚ್ಚಾಗಿಯೇ ತಿಂದು ಯಶವಂತಪುರಕ್ಕೆ ಮರಳಿದೆ.

ಇಲ್ಲಿಯೇ ನಾನು ದೊಡ್ಡ ತಪ್ಪು ಮಾಡಿದ್ದು. ಯಂತ್ರ ಸರಿಹೋದ ಆ ಗಳಿಗೆಯಲ್ಲಿ ಒಂದು ಪೆನ್ ಡ್ರೈವಿನಲ್ಲಿ ಬರೆಹಗಳ ಪ್ರತಿ ಮಾಡಿಕೊಂಡಿದ್ದರೆ ಹತ್ತು ನಿಮಿಷದ ಕೆಲಸ. ‘ಸರಿಹೋಯಿತಲ್ಲ, ಇನ್ನೇನು ಅವಸರ’ ಎಂದುಕೊಂಡೆ. ಎಂಟು ದಿನಕ್ಕೆ ಮತ್ತೆ ಫೋನು ಬಂದಿತು. ಈ ಸಲ ಗೆರೆಗಳೂ ಇಲ್ಲ, ನೇರವಾಗಿ ಕಪ್ಪು. ಫೋನಿನಲ್ಲಿ ಅಕ್ಕ ಬೈಯಲಿಲ್ಲ. “ಹೋಗಲಿ ಬಿಡು, ಒಂದು ಸಲ ಕಣ್ಣಾರೆ ನೋಡಿದೆನಲ್ಲ” ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಚಿಪ್ಪಿನ ಕಾಲುಗಳು

ಧೂಳು ತೆಗೆದರೂ ಎಂಟೇ ದಿನದಲ್ಲಿ ರೋಗ ಮರುಕಳಿಸಿದ್ದೇಕೆ? ಬಹಳ ಕಾಲ ದುಡಿದ ಕಾರ್ಡಿನಲ್ಲಿ ಇದು ಅಪರೂಪವಲ್ಲ. ಇದರ ಕಾರಣ ತಿಳಿಯತಕ್ಕದ್ದು.

ಕಾರ್ಡಿನ ನಡುವೆ ಇರುವ ಚಿಪ್ಪು ಸಿಲಿಕಾನಿನ ಒಂದು ಸಣ್ಣ ಬಿಲ್ಲೆ. ಅದು ನೂರಾರು ಅತಿ ಸಣ್ಣ ಬೆಸುಗೆಯ ಗುಂಡುಗಳ ಮೇಲೆ, ಕಂಬಗಳ ಮೇಲಿನ ಮಂಟಪದಂತೆ, ಕೆಳಗಿನ ಫಲಕದ ಮೇಲೆ ನಿಂತಿರುತ್ತದೆ. ಬಿಸಿಯಾದಾಗ ಎಲ್ಲ ವಸ್ತುಗಳೂ ಹಿಗ್ಗುತ್ತವೆ; ಆದರೆ ಸಮನಾಗಿ ಹಿಗ್ಗುವುದಿಲ್ಲ. ಸಿಲಿಕಾನು ಹಿಗ್ಗುವುದಕ್ಕಿಂತ ಕೆಳಗಿನ ಫಲಕ ಐದಾರು ಪಟ್ಟು ಹೆಚ್ಚಾಗಿ ಹಿಗ್ಗುತ್ತದೆ. ಯಂತ್ರವನ್ನು ಹೊತ್ತಿಸಿದಾಗಲೆಲ್ಲ ಒಂದು ಎಳೆತ, ಆರಿಸಿದಾಗಲೆಲ್ಲ ಇನ್ನೊಂದು ಎಳೆತ. ತಂತಿಯ ತುಂಡನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಕೊನೆಗೊಮ್ಮೆ ಮುರಿಯುವುದಿಲ್ಲವೆ? ಹಾಗೆಯೇ ಆ ಗುಂಡುಗಳಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಪಂಕ ನಿಂತು ಕಾವು ಮಿತಿಮೀರಿದ ದಿನಗಳಲ್ಲಿ ಈ ಸವೆತ ಇನ್ನೂ ಬೇಗ. ನಾನು ಪಂಕವನ್ನು ತಿರುಗಿಸಿದೆ, ನಿಜ. ಅದಕ್ಕೆ ಮೊದಲೇ ಬಿದ್ದಿದ್ದ ಬಿರುಕನ್ನು ಹೊಲಿಯಲು ನನ್ನಿಂದಾಗದು.

ಇದು ಬಡವರ ಹಳೆಯ ಕಾರ್ಡುಗಳಿಗೆ ಮಾತ್ರ ಬರುವ ರೋಗವೆಂದು ತಿಳಿಯಬೇಡಿ. 2008ರ ಜುಲೈ ತಿಂಗಳಿನಲ್ಲಿ ಎನ್‌ವಿಡಿಯಾ ಎಂಬ ಪ್ರಸಿದ್ಧ ಸಂಸ್ಥೆಯೇ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ಚಿಪ್ಪಿನ ಹೊದಿಕೆಯ ವಸ್ತುಗಳ ದೌರ್ಬಲ್ಯದಿಂದ ಹೆಚ್ಚಾಗಿ ಕೆಡುತ್ತಿವೆಯೆಂದು ಪ್ರಕಟಿಸಿ, ಅದರ ವೆಚ್ಚಕ್ಕೆಂದು 15ರಿಂದ 20 ಕೋಟಿ ಡಾಲರುಗಳನ್ನು ತೆಗೆದಿರಿಸಬೇಕಾಯಿತು. 2000ದ ಮೊದಲ ವರ್ಷಗಳಲ್ಲಿ ಇನ್ನೊಂದು ಪಿಡುಗು ಹಬ್ಬಿತ್ತು. ಮದರ್‌ಬೋರ್ಡುಗಳ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರುಗಳೊಳಗಿನ ದ್ರವ ಸರಿಯಿಲ್ಲದೆ, ತಲೆಯುಬ್ಬಿ, ಒಡೆದು ಸೋರುತ್ತಿದ್ದವು. ಈಗಲೂ ಮುಚ್ಚಳ ತೆಗೆದವರು ಈ ಡಬ್ಬಿಗಳ ತಲೆ ಚಪ್ಪಟೆಯಾಗಿದೆಯೋ ಉಬ್ಬಿದೆಯೋ ನೋಡಬೇಕು. ಉಬ್ಬಿದ್ದರೆ ಅದನ್ನು ಬೆಸುಗೆ ಬಲ್ಲವರು ಬದಲಾಯಿಸಬಲ್ಲರು.

‘ಕಾರ್ಡನ್ನು ಒಲೆಯಲ್ಲಿಟ್ಟು ಬೇಯಿಸಿದರೆ ಬೆಸುಗೆ ಕರಗಿ ಮತ್ತೆ ಕೂಡಿಕೊಳ್ಳುತ್ತದೆ’ ಎಂಬ ಒಂದು ಮನೆಮದ್ದು ಹುಡುಗರಲ್ಲಿ ಪ್ರಚಾರದಲ್ಲಿದೆ. ನಮ್ಮ ಮನೆಯ ಕಾಲೇಜು ಹುಡುಗನೂ ಇದನ್ನೇ ಸೂಚಿಸಿದ. ದಯವಿಟ್ಟು ಕೇಕು ಬೇಯಿಸುವ ಒಲೆಯಲ್ಲಿ ಈ ಸಾಹಸ ಬೇಡ. ಯುರೋಪಿನಲ್ಲಿ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಪದಾರ್ಥಗಳಲ್ಲಿ ಸೀಸವನ್ನು ನಿರ್ಬಂಧಿಸಿದ ಮೇಲೆ ಪ್ರಪಂಚದಲ್ಲೆಲ್ಲ ಸೀಸವಿಲ್ಲದ ಬೆಸುಗೆ ಬಳಕೆಗೆ ಬಂದಿತು. ಹಳೆಯ ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು. ಹೊಸದಕ್ಕೆ ಸುಮಾರು 217 ಡಿಗ್ರಿ ಬೇಕು. ಆ ಕಾವಿಗೆ ಕೆಪಾಸಿಟರುಗಳು, ಪ್ಲಾಸ್ಟಿಕ್ ಭಾಗಗಳು ಹಾಳಾಗುತ್ತವೆ. ಫಲಕದಿಂದ ವಿಷದ ಹೊಗೆ ಏಳುತ್ತದೆ. ಅದೇ ಒಲೆಯಲ್ಲಿ ನಾಳೆ ಮಗುವಿಗೆ ಬಿಸ್ಕತ್ತು! ಒಂದು ವೇಳೆ ಕಾರ್ಡು ಎಚ್ಚೆತ್ತರೂ ಕೆಲವು ವಾರಗಳ ಆಯುಸ್ಸು ಮಾತ್ರ. ದೀಪ ಆರುವ ಮುನ್ನ ಒಮ್ಮೆ ಉರಿಯುವಂತೆ.

ಎಸ್.ಪಿ. ರಸ್ತೆಯ ವರ್ತಕ

ಹಾಗಾದರೆ ಬೇರೆ ಕಾರ್ಡು ಕೊಳ್ಳುವುದೇ ದಾರಿಯೆಂದುಕೊಂಡು ಶನಿವಾರ ಮಧ್ಯಾಹ್ನ ಹೊರಟೆ. ಈಗ ಯಶವಂತಪುರದಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ ಚಿಕ್ಕಪೇಟೆಯ ನೆಲದಡಿಯ ನಿಲ್ದಾಣದಲ್ಲಿ ಇಳಿದರೆ ಸಾದರ ಪತ್ರಪ್ಪ ರಸ್ತೆ ನಡೆದುಹೋಗುವಷ್ಟು ಹತ್ತಿರ. ಹದಿನೈದು ವರ್ಷದ ಹಿಂದೆ ಭಾವನವರು ಈ ಪೆಟ್ಟಿಗೆಯನ್ನು ಕೊಂಡದ್ದೂ ಇದೇ ಬೀದಿಯಲ್ಲಿ. ತಂತಿಗಳ ತೋರಣ, ಗೋಡೆಯೆತ್ತರ ಪೆಟ್ಟಿಗೆಗಳು, ‘ಏನು ಬೇಕು ಸಾರ್’ ಎಂಬ ಕೂಗು. ಕಂಪ್ಯೂಟರಿನ ಜಗತ್ತು ಎಷ್ಟು ಬದಲಾದರೂ ಆ ಬೀದಿಯ ನೂಕುನುಗ್ಗಲು ಮಾತ್ರ ಬದಲಾಗಿಲ್ಲ.

ಒಂದು ಚಿಕ್ಕ ಅಂಗಡಿಯಲ್ಲಿ ನಿಂತು ಕೆಟ್ಟ ಕಾರ್ಡನ್ನು ತೋರಿಸಿ, “ಇದಕ್ಕೆ ಸರಿಸಾಟಿಯಾದದ್ದು ಇದೆಯೆ?” ಎಂದೆ. ನಡುವಯಸ್ಸಿನ ವರ್ತಕರು ಅದನ್ನು ತಿರುವಿ ನೋಡಿ, ಕಾರ್ಡನ್ನು ಎಂದು ಹಾಕಿಸಿದ್ದೆಂದು ಕೇಳಿದರು.

“ಯಂತ್ರ 2009ರದು. ಈ ಕಾರ್ಡನ್ನು 2013ರಲ್ಲಿ ಮೊಮ್ಮಗನ ಆಟಕ್ಕೆಂದು ಹಾಕಿಸಿದ್ದು,” ಎಂದೆ.

“ಹಾಗಾದರೆ ನಾಲ್ಕು ವರ್ಷ ಈ ಕಾರ್ಡಿಲ್ಲದೆ ಅವರು ಹೇಗೆ ನೋಡುತ್ತಿದ್ದರು?” ಎಂದು ಅವರು ನಗುತ್ತ ಕೇಳಿದರು.

ನಾನು ನಿರುತ್ತರನಾದೆ. ಹೌದಲ್ಲ! ಅಂದಿನ ಬಹುಪಾಲು ಮನೆಬಳಕೆಯ ಮದರ್‌ಬೋರ್ಡುಗಳಲ್ಲಿ ಸಾಧಾರಣ ಚಿತ್ರ ಬಿಡಿಸುವ ಶಕ್ತಿ ಬೋರ್ಡಿನಲ್ಲಿಯೇ ಅಡಕವಾಗಿರುತ್ತಿತ್ತು. ಪ್ರತ್ಯೇಕ ಕಾರ್ಡು ಹಾಕಿದೊಡನೆ ಸಾಮಾನ್ಯವಾಗಿ ಬೋರ್ಡು ತನ್ನ ಸ್ವಂತ ದ್ವಾರವನ್ನು ಮುಚ್ಚಿಕೊಂಡು ಕಾರ್ಡಿಗೆ ಅಧಿಕಾರ ಬಿಟ್ಟುಕೊಡುತ್ತದೆ. ಕಾರ್ಡನ್ನು ಪೂರ್ತಿ ಹೊರಗೆ ತೆಗೆದು, ಮಾನಿಟರಿನ ತಂತಿಯನ್ನು ಬೋರ್ಡಿನ ಸ್ವಂತ ದ್ವಾರಕ್ಕೆ ಸಿಕ್ಕಿಸಿದರೆ, ಹಳೆಯ ಯಜಮಾನ ಮತ್ತೆ ಕೆಲಸಕ್ಕೆ ಇಳಿಯುತ್ತಾನೆ.

“ಮನೆಗೆ ಹೋಗಿ ಹಾಗೆ ಮಾಡಿ ನೋಡಿ. ಆಗದಿದ್ದರೆ ಬನ್ನಿ, ಕಾರ್ಡು ಕೊಡುತ್ತೇನೆ,” ಎಂದರು. ಮಾರುವ ಸಾಮಾನು ಕೈಯಲ್ಲಿದ್ದೂ ಮಾರದೆ ಕಳುಹಿಸಿದ ಆ ವರ್ತಕರಿಗೆ ಒಂದು ನಮಸ್ಕಾರ ಸಲ್ಲಲೇಬೇಕು.

ಅವರ ಬಳಿ ಮಾತನಾಡಿ ತಿಳಿದುಕೊಂಡ ಕೆಲವು ಸಂಗತಿಗಳು ಕೊಳ್ಳಲೇಬೇಕಾದವರಿಗೆ ಉಪಯೋಗವಾದೀತು. ಹಳೆಯ ಯಂತ್ರಕ್ಕೆ ದೊಡ್ಡ ಕಾರ್ಡು ಹಾಕುವುದು ಮುದಿ ಎತ್ತಿಗೆ ಹೊಸ ಗಾಡಿ ಕಟ್ಟಿದಂತೆ. ಪಿ.ಸಿ.ಐ. ಎಕ್ಸ್‌ಪ್ರೆಸ್ ಗೂಡು ತಾನಾಗಿ ಕೊಡಬಲ್ಲದ್ದು ಹೆಚ್ಚೆಂದರೆ 75 ವಾಟ್. ಅದರೊಳಗೆ ಮುಗಿಯುವ, ಬೇರೆ ವಿದ್ಯುತ್ ತಂತಿ ಬೇಡದ ಚಿಕ್ಕ ಕಾರ್ಡೇ ಲೇಸು. ತೀರ ಹೊಸ ಕಾರ್ಡುಗಳು ಹಳೆಯ ಬೋರ್ಡಿನಲ್ಲಿ ಕೆಲವೊಮ್ಮೆ ಏಳುವುದೇ ಇಲ್ಲ. ಆದ್ದರಿಂದ ಹಿಂದಿರುಗಿಸುವ ಮಾತು ಮಾಡಿಕೊಂಡೇ ಕೊಳ್ಳಬೇಕು. ಬಳಸಿದ ಕಾರ್ಡಾದರೆ ಅಂಗಡಿಯಲ್ಲಿಯೇ ಅರ್ಧ ಗಂಟೆ ಓಡಿಸಿ ತೋರಿಸೆಂದು ಹಠ ಹಿಡಿಯಬೇಕು. 2022ರ ಸೆಪ್ಟೆಂಬರಿನವರೆಗೆ ಈಥೀರಿಯಮ್ ಎಂಬ ಡಿಜಿಟಲ್ ನಾಣ್ಯವನ್ನು ‘ಗಣಿಗಾರಿಕೆ’ ಮಾಡಲು ಪ್ರಪಂಚದಾದ್ಯಂತ ಅಸಂಖ್ಯ ಕಾರ್ಡುಗಳನ್ನು ಹಗಲಿರುಳು ದುಡಿಸಲಾಗಿತ್ತು. ಆ ಪದ್ಧತಿ ನಿಂತ ಮೇಲೆ ಅವೆಲ್ಲ ಹಳೆಯ ಸಾಮಾನಿನ ಪೇಟೆಗೆ ಬಂದವು. ಹಳೆಯ ಕಾರ್ಡಿನ ಒಳಗಿನ ಹೆಸರನ್ನು ತಿದ್ದಿ ಹೊಸ ಮಾದರಿಯೆಂದು ಮಾರುವ ವಂಚಕರೂ ಉಂಟು.

ಮತ್ತೊಂದು ಎಚ್ಚರಿಕೆ. ಕಾರ್ಡು ಕೆಟ್ಟ ಲಕ್ಷಣವೆಲ್ಲ ಸುಸ್ತಾದ ಪವರ್ ಸಪ್ಲೈಯಿಂದಲೂ ಬರಬಹುದು. 12 ವೋಲ್ಟಿನ ಸಾಲು 11.4ಕ್ಕಿಂತ ಕೆಳಗಿಳಿದರೆ ಯಾವ ಒಳ್ಳೆಯ ಕಾರ್ಡೂ ಒದ್ದಾಡುತ್ತದೆ. ಇನ್ನೊಂದನ್ನು ಜೋಡಿಸಿ ಪರೀಕ್ಷಿಸಬಹುದು. ಆದರೆ ಆ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಕೂಡದು. ಪ್ಲಗ್ಗು ಕಿತ್ತ ಮೇಲೆಯೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಸ್ವಲ್ಪ ಕಾಲ ಉಳಿದಿರುತ್ತದೆ.

ಹಳೆಯ ಯಜಮಾನ

ಅದೇ ಸಂಜೆ ಯಲಹಂಕಕ್ಕೆ ಹೋದೆ. ಪೆಟ್ಟಿಗೆಯ ಹಿಂಭಾಗದಲ್ಲಿ, ಒಂದು ಸಣ್ಣ ಪ್ಲಾಸ್ಟಿಕ್ ಟೊಪ್ಪಿಗೆಯ ಕೆಳಗೆ, ನೀಲಿ ದ್ವಾರವೊಂದು ಇದ್ದೇ ಇತ್ತು. ಎಷ್ಟೋ ವರ್ಷದಿಂದ ಯಾರೂ ಅದರ ಟೊಪ್ಪಿಗೆ ತೆಗೆದಿರಲಿಲ್ಲ. ಕಾರ್ಡಿಲ್ಲದ ಯಂತ್ರಕ್ಕೆ ತಂತಿ ಸಿಕ್ಕಿಸಿ ಗುಂಡಿಯೊತ್ತಿದೆ. ಅಕ್ಕ ಈ ಸಲ ಹತ್ತಿರ ಬರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿಯೇ ನಿಂತಿದ್ದಳು.

ಕೆರೆಯ ಚಿತ್ರ ಬಂದಿತು. ಸ್ವಲ್ಪ ಹಿಗ್ಗಿದಂತಿತ್ತು, ಬಣ್ಣ ತುಸು ಪೇಲವ. ಆದರೆ ಬಂದಿತು.

ಈ ಬಾರಿ ಕಾಫಿಯನ್ನು ಕೇಳಲಿಲ್ಲ. ಜೇಬಿನಿಂದ ಪೆನ್ ಡ್ರೈವ್ ತೆಗೆದು ಮೊದಲು ಪ್ರತಿ ಮಾಡಿದೆ. ಅದನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದೆ. ಎರಡನೆಯ ಪ್ರತಿಯನ್ನು ಹೊರದೇಶದ ಅಳಿಯನಿಗೆ ಕಳುಹಿಸಿದೆ. ಗ್ರಾಫಿಕ್ಸ್ ಕಾರ್ಡು ಕೆಟ್ಟರೆ ಕಡತ ಹೋಗುವುದಿಲ್ಲವೆಂದು ಮೊದಲು ಹೇಳಿದ್ದು ನಿಜವೇ. ಆದರೆ ಹದಿನೈದು ವರ್ಷ ತಿರುಗಿದ ಹಾರ್ಡ್ ಡಿಸ್ಕೂ ಚಿರಂಜೀವಿಯಲ್ಲ. ಒಂದು ವೇಳೆ ಬೋರ್ಡೂ ಏಳದಿದ್ದರೂ ಹೆದರಬೇಕಾಗಿರಲಿಲ್ಲ. ಆ ಡಿಸ್ಕನ್ನು ಬಿಚ್ಚಿ, ಪೇಟೆಯಲ್ಲಿ ಸಿಕ್ಕುವ ಯು.ಎಸ್.ಬಿ. ಜೋಡಣೆಯೊಂದರಿಂದ ಬೇರೆ ಕಂಪ್ಯೂಟರಿಗೆ ಹೊಂದಿಸಿ ಓದಬಹುದು. ‘ಇಡೀ ಯಂತ್ರ ಮುಗಿಯಿತು’ ಎನ್ನುವವರಿಗೆ ಪೆಟ್ಟಿಗೆಯನ್ನು ಕೊಡುವ ಮುನ್ನ, ಮಾರುವ ಮುನ್ನ, ಎಸೆಯುವ ಮುನ್ನ, ಆ ಡಿಸ್ಕನ್ನು ಬಿಚ್ಚಿಟ್ಟುಕೊಳ್ಳಿ. ಈ ವಾರದ ನನ್ನ ಮಾತಿನ ಸಾರವೆಲ್ಲ ಇಷ್ಟೆ.

ಯಂತ್ರ ಈಗಲೂ ಅದೇ ಮೇಜಿನ ಮೇಲಿದೆ. ಅದರಲ್ಲಿರುವುದು ವಿಂಡೋಸ್ 7; ಅದಕ್ಕೆ ತಯಾರಕರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಆದ್ದರಿಂದ ಅದಕ್ಕೆ ಅಂತರ್ಜಾಲದ ನಂಟು ತಪ್ಪಿಸಿದ್ದೇನೆ. ಬರೆಯಲು, ಓದಲು ಸಾಕು.

ಕೆಟ್ಟ ಕಾರ್ಡನ್ನು ಕಸದ ಗಾಡಿಗೆ ಹಾಕಲು ಮನಸ್ಸಾಗಲಿಲ್ಲ, ಹಾಕಲೂಬಾರದು. ಇಂಥ ಫಲಕದಲ್ಲಿ ಒಂದಿಷ್ಟು ಚಿನ್ನ, ತಾಮ್ರ ಇರುವಂತೆಯೇ ವಿಷದ ವಸ್ತುಗಳೂ ಇರುತ್ತವೆ. ಬೀದಿಯಲ್ಲಿ ಸುಟ್ಟು ಲೋಹ ತೆಗೆಯುವವರ ಕೈಗೆ ಸಿಕ್ಕರೆ ಆ ಹೊಗೆ ಯಾರದೋ ಮಕ್ಕಳ ಎದೆಗೆ ಹೋಗುತ್ತದೆ. ನಮ್ಮ ಯಶವಂತಪುರದ ಮುಂದೆ ಹಾದುಹೋಗುವ ತುಮಕೂರು ರಸ್ತೆಯಲ್ಲಿಯೇ ನೆಲಮಂಗಲ ದಾಟಿ ಮುಂದೆ ಹೋದರೆ ಸಿಕ್ಕುವ ದಾಬಸ್‌ಪೇಟೆಯಲ್ಲಿ, 2005ರಲ್ಲಿ, ಇ-ಪರಿಸರ ಎಂಬ ಸಂಸ್ಥೆ ಇಂಥ ವಿದ್ಯುನ್ಮಾನ ತ್ಯಾಜ್ಯವನ್ನು ಕ್ರಮವಾಗಿ ಬಿಡಿಸುವ ಕೆಲಸ ಆರಂಭಿಸಿತು. ಸರಕಾರದ ಮಾನ್ಯತೆ ಪಡೆದು ಈ ಕೆಲಸಕ್ಕಿಳಿದವರಲ್ಲಿ ದೇಶದಲ್ಲಿಯೇ ಮೊದಲಿಗರು ಅವರು. ಇಂದು ನಗರದಲ್ಲಿ ಇಂಥ ತ್ಯಾಜ್ಯವನ್ನು ಪಡೆಯುವ ಮಾನ್ಯ ಸಂಸ್ಥೆಗಳು ಹಲವಿವೆ. ಹಳೆಯ ಫೋನು, ಸತ್ತ ಬ್ಯಾಟರಿ, ಕೆಟ್ಟ ಕಾರ್ಡು, ಎಲ್ಲವನ್ನೂ ಒಂದು ಚೀಲದಲ್ಲಿ ಕೂಡಿಟ್ಟು ಅಂಥವರಿಗೇ ಒಪ್ಪಿಸುವುದು ಒಳ್ಳೆಯದು.

ಇನ್ನು ಬರೆಹದ ವಿಷಯ. ಹಳೆಯ ನುಡಿಯ ಅಕ್ಷರಗಳನ್ನು ಇಂದಿನ ಯಂತ್ರಗಳು ನೇರವಾಗಿ ಓದಲಾರವು, ಯುನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕಗಳೇನೋ ದೊರೆಯುತ್ತವೆ. ಆದರೆ ಯಂತ್ರ ಮಾಡಿದ ಪರಿವರ್ತನೆಯಲ್ಲಿ ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ ಜಾರಿರುವುದುಂಟು. ಅದನ್ನು ಮನುಷ್ಯರೇ ತಿದ್ದಬೇಕು. ಈಗ ಅಕ್ಕ ದಿನವೂ ಕಾಫಿಯ ನಂತರ ಅದೇ ಕುರ್ಚಿಯಲ್ಲಿ ಕುಳಿತು, ಅಚ್ಚಾದ ಹಾಳೆಗಳ ಮೇಲೆ ಕೆಂಪು ಪೆನ್ನಿನಿಂದ ತಿದ್ದುತ್ತಾಳೆ. ಮೊನ್ನೆ ಹೋಗಿದ್ದಾಗ ಒಂದು ಹಾಡಿನ ಪಕ್ಕದಲ್ಲಿ, “ಇವರಿಗೆ ಈ ಸಾಲು ಗೊತ್ತಿರಲಿಲ್ಲ, ಅತ್ತೆ ನನಗೆ ಹೇಳಿಕೊಟ್ಟಿದ್ದರು,” ಎಂದು ತಾನೇ ಒಂದು ಸಾಲನ್ನು ಸೇರಿಸುತ್ತಿದ್ದಳು.

ವಾಚಕರೇ, ನಿಮ್ಮ ಮನೆಯ ಮೂಲೆಯಲ್ಲಿಯೂ ಬಟ್ಟೆ ಹೊದ್ದ ಒಂದು ಹಳೆಯ ಪೆಟ್ಟಿಗೆ ಕುಳಿತಿರಬಹುದು. ಅದು ಇನ್ನೂ ಏಳುವಂತಿದ್ದರೆ, ಈ ಪತ್ರಿಕೆಯ ಧಾರಾವಾಹಿಯನ್ನು ಓದಲು ಪುಟ ತಿರುಗಿಸುವ ಮುನ್ನವೇ, ಎದ್ದು ಹೋಗಿ ಒಂದು ಪ್ರತಿ ಮಾಡಿಕೊಳ್ಳಿ. ಧಾರಾವಾಹಿ ಕಾಯುತ್ತದೆ.